ಹೊರಗೆ ಹೋಗದ ಮೊದಲ ಪ್ರತಿ

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಹಾಕಿ ಕುದಿಸಿದಾಗ ಒಂದು ವಾಸನೆ ಬರುತ್ತದೆ. ಪುಸ್ತಕಕ್ಕೆ ಹುಳ ಹಿಡಿಯದಿರಲೆಂದು ಬೈಂಡಿಂಗ್‌ನವರು ಹಾಗೆ ಮಾಡುತ್ತಾರೆ. ಒಂದು ಸಲ ಮೂಗಿಗೆ ಹತ್ತಿದರೆ ಆಯಿತು, ಸಂಜೆಯವರೆಗೂ ಇಳಿಯುವುದಿಲ್ಲ. ಹೋದ ವಾರ ಹಾಸನದಲ್ಲಿ, ನಮ್ಮ ಕಾಲೇಜಿನ ಹಿಂದಿನ ಗಲ್ಲಿಯ ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತುವಾಗ ಆ ವಾಸನೆ ಬಡಿಯಿತು. ನನ್ನ ಬಗಲಲ್ಲೊಂದು ಬಟ್ಟೆಯ ಚೀಲ, ಚೀಲದೊಳಗೆ ಕಪ್ಪು ರೆಕ್ಸಿನ್ ಹೊದಿಸಿದ ಒಂದು ಪುಸ್ತಕ. ಅದನ್ನು ಹೊಲಿದದ್ದೂ ಅದೇ ಅಂಗಡಿಯಲ್ಲೇ. ಹತ್ತುವವಳು ಹಾಗೇ ನಿಂತುಬಿಟ್ಟೆ. 'ಏನೇ, ಮೆಟ್ಟಿಲಿಗೆ ಬೇರು ಬಿಟ್ಯಾ' ಎಂದು ಮಿಸ್ಸು ಹಿಂದಿನಿಂದ ತಿವಿದಂತಾಯಿತು... ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಮಿಸ್ಸು ಎಂದರೆ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಮದುವೆ ಮಾಡಿಕೊಳ್ಳಲಿಲ್ಲ, ಹೆಚ್ಚು ಜನರ ಜೊತೆ ಬೆರೆಯಲೂ ಇಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲೊಂದು ಛತ್ರಿ, ಬಾಯಿ ತೆಗೆದರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ನಾನೂ ಮಾತಿನಲ್ಲಿ ಕಡಿಮೆಯವಳಲ್ಲವಾದ್ದರಿಂದ ಇಬ್ಬರಿಗೂ ಸರಿಹೋಯಿತು. ಅವರ ಊರು ಅರಕಲಗೂಡಿನ ಕಡೆ. ನಮ್ಮ ತಾತನ ಊರೂ ಅದೇ. ನಮ್ಮ ಮನೆ ಊರೊಳಗೆ, ಅವರದು ಊರಾಚೆ. ಅವರ ತಾಯಿ ಆಲೂಗೆಡ್ಡೆ ಹೊಲಗಳಲ್ಲಿ ಕೂಲಿ ಮಾಡಿ ಇವರನ್ನು ಓದಿಸಿದವರು. ಆ ಹೊಲಗಳಲ್ಲಿ ನಮ್ಮ ತಾತನದೂ ಒಂದು. ನಾನು ಅವರ ವಿದ್ಯಾರ್ಥಿಯಾಗಿದ್ದಷ್ಟು ದಿನ ಮಿಸ್ಸು ಈ ವಿಷಯ ಎತ್ತಿರಲಿಲ್ಲ.

ಎತ್ತಿದ್ದು ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಹಾಸನದಲ್ಲಿ ಪಾಠ ಹೇಳಲು ನಿಂತ ಮೇಲೆ, ಅವರು ನಿವೃತ್ತರಾದ ಮೇಲೆ. ಒಂದು ಭಾನುವಾರ ಬಂದವರೇ ಮೇಜಿನ ಮೇಲೆ ಹಾಳೆಗಳ ಕಟ್ಟೊಂದನ್ನು ಧೊಪ್ಪೆಂದು ಇಟ್ಟರು. ಅವರ ಅವ್ವ ತೀರಿಕೊಳ್ಳುವ ಮುಂಚೆ ತನ್ನ ಬದುಕನ್ನೆಲ್ಲ ಬಾಯಲ್ಲಿ ಹೇಳಿದ್ದಳಂತೆ. ಮಿಸ್ಸು ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು, ಕೇಳಿ ಕೇಳಿ ಕೈಯಲ್ಲಿ ಬರೆದಿದ್ದರು. "ಒಂದಕ್ಷರ ತಿದ್ದಿಲ್ಲ ಕಣೇ. ಅವ್ವ ಹೆಂಗೆ ಆಡಿದ್ಳೋ ಹಂಗೇ ಇಳಿಸಿದೀನಿ" ಅಂದರು. ಹಾಳೆ ತಿರುವುತ್ತ ಹೋದೆ. ಮುದುಕಿ ಎದುರಿಗೇ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದಳು. ನಮ್ಮ ತಾತ ಬರುವ ಪುಟಗಳೂ ಇದ್ದವು. ಅವುಗಳನ್ನು ಓದುವಾಗ ನಾನು ತಲೆ ಎತ್ತಲಿಲ್ಲ, ಮಿಸ್ಸು ಕಿಟಕಿಯ ಕಡೆ ನೋಡುತ್ತ ಕಾಫಿ ಕುಡಿದರು.

ಮೊದಲು ಇಲ್ಲೇ ಅಚ್ಚು ಹಾಕಿಸೋಣವೆಂದು ಚನ್ನರಾಯಪಟ್ಟಣದ ಒಬ್ಬ ಪ್ರಕಾಶಕರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯರೇ. ವಸ್ತು ಬಹಳ ಚೆನ್ನಾಗಿದೆ, ಭಾಷೆ ಮಾತ್ರ ಒಂದಿಷ್ಟು ಶುದ್ಧ ಮಾಡಿಸಿಕೊಂಡು ಬನ್ನಿ, ಓದುವವರಿಗೆ ಅನುಕೂಲ ಎಂದರು. ಮಿಸ್ಸು ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ಬಸ್ಸು ಹಾಸನದ ಹತ್ತಿರ ಬಂದಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಮ್ಮವ್ವ ಏನು ಗಲೀಜಾ, ತೊಳೆದು ತರಾಕೆ?" ಅಂದರು. ಆವತ್ತು ನಾನೊಂದು ನಿಶ್ಚಯ ಮಾಡಿದೆ, ಇದನ್ನು ಇಂಗ್ಲಿಷಿಗೆ ತರುತ್ತೇನೆ, ಬೇಕಾದರೆ ಸಮುದ್ರ ದಾಟಿಸುತ್ತೇನೆ ಎಂದು.

ದಾಟಿಸಿದೆ ಕೂಡ. ಎಷ್ಟೋ ಕಡೆ ಬರೆದೆ, ಎಷ್ಟೋ ಕಡೆಯಿಂದ ಉತ್ತರವೇ ಬರಲಿಲ್ಲ. ಕೊನೆಗೆ ಹೊರದೇಶದ ಒಂದು ಸಣ್ಣ ಪ್ರಕಾಶನ ಸಂಸ್ಥೆ ಒಪ್ಪಿತು. ಅವರ ಪದ್ಧತಿ ಬೇರೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅನುವಾದ. ಮೂಲವನ್ನು ನಾವು ಮುಟ್ಟುವುದಿಲ್ಲ, ಹೇಗಿದೆಯೋ ಹಾಗೇ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ಫೋನಿನಲ್ಲಿ ಮಿಸ್ಸಿಗೆ ಕನ್ನಡದಲ್ಲಿ ಹೇಳಿದೆ. ಅವರು ಇನ್ನೊಂದು ಸಲ ಹೇಳಿಸಿದರು. "ಹೇಗಿದೆಯೋ ಹಾಗೇ ಅಂತ ಅವರೇ ಬರ್ದವ್ರಾ, ಇಲ್ಲ ನೀನು ಸೇರಿಸಿ ಹೇಳ್ತಿದ್ದೀಯಾ?" ಅಂತ ಕೇಳಿದರು. ಅವರಿಗೆ ಬೇಕಿದ್ದದ್ದು ಅದೊಂದೇ. ಹೆಸರು ಬೇಕಿರಲಿಲ್ಲ, ಹಾರ ಬೇಕಿರಲಿಲ್ಲ. ಅವ್ವನ ಮಾತು ಅವ್ವ ಆಡಿದಂತೆಯೇ ಅಚ್ಚಿನಲ್ಲಿ ನಿಲ್ಲಬೇಕಿತ್ತು.

ಪ್ರಕಾಶಕರು ಕಳಿಸಿದ ಸೂಚನೆಗಳನ್ನು ಹಿಡಿದುಕೊಂಡು ನಾವಿಬ್ಬರೂ ಡಿ.ಟಿ.ಪಿ. ಅಂಗಡಿಗೆ ಹೋದೆವು. ಎ-ಫೋರ್ ಹಾಳೆ, ಒಂದೇ ಮಗ್ಗುಲು, ಸಾಲಿನ ನಡುವೆ ದುಪ್ಪಟ್ಟು ಜಾಗ, ಸುತ್ತ ಅಂಚು, ಎಲ್ಲಿಯೂ ಅಲಂಕಾರ ಬೇಡ. ವರ್ಡ್ ಫೈಲನ್ನು ಮೇಲ್ ಮಾಡಬೇಕು. ಜೊತೆಗೆ, ಅಕ್ಷರಗಳನ್ನು ತಾಳೆ ನೋಡಿಕೊಳ್ಳಲು, ಮುದ್ರಿಸಿ ಗಟ್ಟಿಯಾಗಿ ಬೈಂಡ್ ಮಾಡಿದ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕು. ಅಂಗಡಿಯವನಿಗೆ ಹೊಟ್ಟೆ ಉರಿದುಹೋಯಿತು. "ಇಷ್ಟೊಂದು ಖಾಲಿ ಬಿಟ್ರೆ ಪೇಪರ್ ದಂಡ ಅಲ್ವಾ ಮಿಸ್?" ಎಂದು ಗೊಣಗುತ್ತಲೇ ಟೈಪ್ ಮಾಡಿದ. ಮೊದಲ ಪುಟಕ್ಕೆ ಕೇಳದೆಯೇ ಹೂವಿನ ಬಾರ್ಡರ್ ಹಾಕಿದ್ದ, ಅದನ್ನು ತೆಗೆಸುವುದಕ್ಕೆ ನಾನು ಜಗಳವಾಡಬೇಕಾಯಿತು. ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಇರುವಂತೆ ಅವನಲ್ಲಿದ್ದದ್ದೂ ಹಳೆಯ ಕನ್ನಡ ಫಾಂಟು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಇಲ್ಲದ ಕಡೆ ತೆರೆದರೆ ಇಂಗ್ಲಿಷಿನ ಸೊಟ್ಟಪಟ್ಟ ಅಕ್ಷರಗಳು ಕಾಣುತ್ತವೆ. ಆಫೀಸಿನ ಸುತ್ತೋಲೆ, ಮದುವೆಯ ಕರೆಯೋಲೆ, ಸಂಘದ ನೋಟೀಸು, ಹೀಗೆ ಫೋನಿನಲ್ಲಿ ಬಂದು ಅವತಾರ ಕೆಟ್ಟ ಕನ್ನಡವನ್ನು ನೋಡದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ ಹೇಳಿ.

ಬೈಂಡಿಂಗ್ ಅಂಗಡಿ ಪಕ್ಕದಲ್ಲೇ. ಬೈಂಡಿಂಗ್‌ನವರು ವರ್ಷಪೂರ್ತಿ ಕಾಲೇಜಿನವರ ಥೀಸಿಸ್ಸುಗಳನ್ನು ಹೊಲಿಯುವವರು. ಕಪ್ಪು ರೆಕ್ಸಿನ್, ಚಿನ್ನದ ಅಕ್ಷರ, ಅವರಿಗೆ ಗೊತ್ತಿರುವುದು ಅದೊಂದೇ ಬಗೆ. ಪ್ರತಿ ತೆಗೆದುಕೊಳ್ಳಲು ಹೋದಾಗ ನೋಡಿದರೆ ಪುಸ್ತಕದ ಹೆಸರಿನ ಕೆಳಗೆ ದೊಡ್ಡದಾಗಿ 'ಮಹಾಪ್ರಬಂಧ' ಎಂದು ಒತ್ತಿಬಿಟ್ಟಿದ್ದಾರೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಮಿಸ್ಸು ನನ್ನ ಕೈ ಹಿಡಿದು ತಡೆದರು. ಅವರಿಗೆ ನಗು ಬಂದಿತ್ತು. ಹೊಟ್ಟೆ ಹಿಡಿದುಕೊಂಡು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಇರ್ಲಿ ಬಿಡೇ, ನಮ್ಮವ್ವಂಗೆ ಡಾಕ್ಟರೇಟ್ ಬಂತು" ಅಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಹಿಂದೆ ನೋಡಿರಲಿಲ್ಲ... ಆಮೇಲೂ ನೋಡಲಿಲ್ಲ. ಫೈಲನ್ನು ಅಂಗಡಿಯಿಂದಲೇ ಮೇಲ್ ಮಾಡಿಸಿದೆವು. ಪುಸ್ತಕವನ್ನು ಹೊಳೆನರಸೀಪುರದಿಂದಲೇ ಅಂಚೆಗೆ ಹಾಕುತ್ತೇನೆಂದು ಮಿಸ್ಸು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಹತ್ತಿದರು. ಆ ವಾರ ಫೋನ್ ಮಾಡಿ ಕಳಿಸಿದಿರಾ ಎಂದು ಕೇಳಿದೆ. "ಆಯ್ತು ಕಣೇ, ಆಯ್ತು" ಅಂದರು.

ಕೆಲವು ತಿಂಗಳಾದ ಮೇಲೆ ಮೇಲ್‌ನಲ್ಲಿ ಕರಡಚ್ಚು ಬಂತು. ಇಂಗ್ಲಿಷ್ ಪುಟಗಳನ್ನು ನನಗೆ, ಕನ್ನಡ ಪುಟಗಳನ್ನು ಮಿಸ್ಸಿಗೆ ಕಳಿಸಿದ್ದರು. ಮಿಸ್ಸು ಫೋನಿನಲ್ಲಿ ತೆರೆದರೆ ಅದೇ ಸೊಟ್ಟಪಟ್ಟ ಅಕ್ಷರ. ಡಿ.ಟಿ.ಪಿ. ಅಂಗಡಿಗೆ ಹೋಗಿ ತೋರಿಸಿದೆವು. ಅವನು ಫೋನನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಮೊಬೈಲಲ್ಲಿ ಈ ಫಾಂಟ್ ಬರಲ್ಲ ಮಿಸ್, ಅದಕ್ಕೇ ಹಂಗೆ. ಅವ್ರ ಸಿಸ್ಟಮಲ್ಲಿ ಸರಿಯಾಗೇ ಇರ್ತದೆ" ಅಂದ. ನಾವು ತಲೆಯಾಡಿಸಿದೆವು. ಯಾಕೆ ಆಡಿಸಬಾರದು? ದಿನಾ ನೋಡುವ ಸಂಗತಿ. ನಮ್ಮ ಕಡೆಯ ಯಾರನ್ನು ಕೇಳಿದ್ದರೂ ಇದೇ ಮಾತು ಹೇಳುತ್ತಿದ್ದರು. ಪುಟಗಳ ಲೆಕ್ಕ ಸರಿಯಿದೆಯೇ ಎಂದು ಮಾತ್ರ ನೋಡಿ ಮಿಸ್ಸು ಒಪ್ಪಿಗೆ ಕಳಿಸಿದರು.

ಪುಸ್ತಕ ಬಂದ ದಿನ ಫೋನ್ ಮಾಡಿ, "ಪಾರ್ಸಲ್ ಬಂದೈತೆ. ಬಿಚ್ಚಿಲ್ಲ. ನೀನು ಬಾ" ಅಂದರು. ಕ್ಲಾಸು ಬಿಟ್ಟು ಓಡಿದೆ. ಮಿಸ್ಸು ತಲೆಗೆ ನೀರು ಹಾಕಿಕೊಂಡು ಹೊಸ ಸೀರೆ ಉಟ್ಟಿದ್ದರು. ನಡುಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಅವ್ವನ ಫೋಟೊ. ಅವ್ವ ಒಮ್ಮೆಯೂ ಫೋಟೊ ತೆಗೆಸಿಕೊಂಡವಳಲ್ಲ, ವೋಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು, ಯಾರೋ ಹೆದರಿಸಿದ ಹಾಗೆ ನೋಡುತ್ತಿದ್ದಳು. ಆ ಫೋಟೊದ ಎದುರಿಗಿಟ್ಟಿದ್ದ ಪಾರ್ಸಲನ್ನು ತೆಗೆದು ಚಾಪೆಯ ಮೇಲೆ ಕೂತು ಬಿಚ್ಚಿದೆವು.

ಎಂಥಾ ಪುಸ್ತಕ! ಕೆನೆಬಣ್ಣದ ದಪ್ಪ ಕಾಗದ, ಬಟ್ಟೆಯ ರಟ್ಟು. ನನ್ನ ಬುದ್ಧಿ ನೋಡಿ, ಮೊದಲು ಕಣ್ಣು ಹೋದದ್ದು ನನ್ನ ಇಂಗ್ಲಿಷಿನ ಮೇಲೆ. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ. ಖುಷಿಯಿಂದ ಎಡಪುಟಕ್ಕೆ ಬಂದೆ.

ಎಡಪುಟದಲ್ಲಿ ಕನ್ನಡವಿರಲಿಲ್ಲ. ತಲೆಯ ಮೇಲೆ ಗೀಟು ಎಳೆದ ಎ, ಹೊಟ್ಟೆ ಸೀಳಿದ ಓ, ನಡುನಡುವೆ ಪೌಂಡಿನ ಗುರುತು, ಕಾಲು ಅರ್ಧ ಮುಕ್ಕಾಲು ಎಂದು ಬರೆಯುವ ಭಿನ್ನರಾಶಿ. ಅಂದವಾಗಿ, ಕರಿ ಶಾಯಿಯಲ್ಲಿ, ಸಾಲುಸಾಲಾಗಿ ಅಚ್ಚಾಗಿದ್ದವು. ತಿರುವಿದೆ. ಮುಂದಿನ ಎಡಪುಟವೂ ಹಾಗೇ. ಮಧ್ಯಕ್ಕೆ ತೆಗೆದೆ, ಕೊನೆಗೆ ತೆಗೆದೆ. ಮುಖಪುಟದಿಂದ ಕೊನೆಯವರೆಗೆ ನಾನು ಬರೆದದ್ದೆಲ್ಲ ಇತ್ತು. ಅವ್ವ ಆಡಿದ್ದು ಒಂದು ಮಾತೂ ಇರಲಿಲ್ಲ.

ಮಿಸ್ಸು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಪುಟ ತಿರುವಿದರು. ಏನೋ ಮುನ್ನುಡಿ ಇರಬೇಕೆಂದು ಇನ್ನಷ್ಟು ತಿರುವಿದರು. ಆಮೇಲೆ ನನ್ನ ಮುಖ ನೋಡಿದರು.

"ಎಲ್ಲೇ ಅವ್ವ?"

ನಾನು ಕೂಗಾಡತೊಡಗಿದೆ, ನನಗೆ ಗೊತ್ತಿರುವುದು ಅದೇ. ಡಿ.ಟಿ.ಪಿ.ಯವನಿಗೆ ಫೋನ್ ಹಚ್ಚಿ ಬೈದೆ. ಅವನಿಗೂ ಜೀವ ಹಾರಿಹೋಯಿತು ಪಾಪ, "ಅವ್ರ ಸಿಸ್ಟಮಲ್ಲೂ ಫಾಂಟ್ ಇರ್ಲಿಲ್ವಾ ಮೇಡಂ?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದ. ಫೋನಿಟ್ಟು, ಎದುರಿಗಿಲ್ಲದ ಆ ಪ್ರಕಾಶಕರನ್ನು ಬೈಯತೊಡಗಿದೆ. ಬೈಂಡ್ ಮಾಡಿದ ಪ್ರತಿ ಅವರ ಕೈಯಲ್ಲೇ ಇದೆಯಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಕುರುಡರಿಗೂ ಗೊತ್ತಾಗುತ್ತಿತ್ತು, ಇವರೇನು ಕಣ್ಣು ಮುಚ್ಚಿಕೊಂಡು ಅಚ್ಚು ಹಾಕಿದರೇ ಎಂದು ಅರಚುತ್ತಿದ್ದೆ.

ಮಿಸ್ಸು ಎದ್ದರು. ಅವ್ವನ ಫೋಟೊದ ಹಿಂದೆ ಕೈ ಹಾಕಿ, ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ತಂದು ನನ್ನ ಮುಂದೆ ಇಟ್ಟರು. ಬಿಚ್ಚಿದರೆ ಕಪ್ಪು ರೆಕ್ಸಿನ್. ಚಿನ್ನದಕ್ಷರದಲ್ಲಿ 'ಮಹಾಪ್ರಬಂಧ'.

ನನ್ನ ಕೂಗು ಅರ್ಧಕ್ಕೇ ನಿಂತುಹೋಯಿತು.

"ಕಳಿಸಲಿಲ್ಲ ಕಣೇ" ಅಂದರು ಮಿಸ್ಸು. "ಮೊದಲ್ನೇದು ಯಾವುದನ್ನೂ ಅವ್ವ ಹೊಸಿಲು ದಾಟಿಸ್ತಿರಲಿಲ್ಲ. ಮೊದಲ ಹೀಚು, ಮೊದಲ ಹಾಲು, ಯಾವುದೇ ಆಗ್ಲಿ. ಮನೇಲಿ ಇಟ್ಟು ಆಮೇಲೆ ಬೇರೇರಿಗೆ. ಇದೂ ಮೊದಲ್ನೇದಲ್ವಾ... ಫೈಲ್ ಹೋಗೈತಲ್ಲ, ಅದೇ ಸಾಕು ಅಂದ್ಕೊಂಡೆ."

ಅವರನ್ನು ಯಾವ ಬಾಯಲ್ಲಿ ಬೈಯಲಿ? ನಮ್ಮ ಮನೆಯಲ್ಲೂ ಅದೇ ಪದ್ಧತಿ. ಎಮ್ಮೆ ಕರು ಹಾಕಿದರೆ ಗಿಣ್ಣು ಮೊದಲು ದೇವರಿಗೆ, ಆಮೇಲೆ ಮನೆಯವರಿಗೆ, ಕೊನೆಗೆ ಪಕ್ಕದವರಿಗೆ. ಒಲೆಯ ಮೇಲಿಟ್ಟಿದ್ದ ಪಾಯಸ ಹತ್ತಿದ ವಾಸನೆ ಬಂದರೂ ಯಾರೂ ಏಳಲಿಲ್ಲ. ಆಮೇಲೆ ಮಿಸ್ಸು ಅಚ್ಚಾದ ಪುಸ್ತಕವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಎಡಪುಟದ ಮೇಲೆ ಬೆರಳಾಡಿಸಿದರು.

"ಅವ್ವಂಗೆ ಓದಾಕೆ ಬರ್ತಿರಲಿಲ್ಲ ನೋಡು" ಅಂದರು. "ನಾನು ಓದೋ ಪುಸ್ತಕ ತಗಂಡು ಹಿಂಗೇ ಕೈಯಾಡಿಸೋಳು. ಅವಳಿಗೆ ಎಲ್ಲಾ ಪುಸ್ತಕನೂ ಹಿಂಗೇ ಕಾಣ್ತಿತ್ತೇನೋ... ನಂಗೆ ಇವತ್ತು ಗೊತ್ತಾಯ್ತು."

ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪ್ರಕಾಶಕರು ತುಂಬ ನೊಂದುಕೊಂಡೇ ಉತ್ತರ ಬರೆದರು. ಅಂಚೆಯ ಪ್ರತಿ ದಾರಿಯಲ್ಲಿ ಕಳೆದಿರಬೇಕೆಂದುಕೊಂಡೆವು, ನಿಮ್ಮ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಒಂದು ಕ್ರಮ ಇದೆಂದು ತಿಳಿದಿದ್ದೆವು, ಲೇಖಕಿಯೂ ಒಪ್ಪಿಗೆ ಕೊಟ್ಟಿದ್ದರಲ್ಲ, ಮುಂದಿನ ಮುದ್ರಣದಲ್ಲಿ ಖಂಡಿತ ಸರಿಪಡಿಸುತ್ತೇವೆ ಎಂದರು. ಮುಂದಿನ ಮುದ್ರಣ ಬರಲೇ ಇಲ್ಲ, ಆ ಸಂಸ್ಥೆಯೇ ಮುಚ್ಚಿಹೋಯಿತು. ಅಷ್ಟರಲ್ಲಿ ಅಲ್ಲಿನ ಓದುಗರೊಬ್ಬರು ನನಗೊಂದು ಮೇಲ್ ಬರೆದಿದ್ದರು. ಅನುವಾದ ಮನಮುಟ್ಟಿತು, ಎಡಪುಟಗಳನ್ನು ಓದಲು ಬಾರದಿದ್ದರೂ ನೋಡುತ್ತ ಕೂತಿದ್ದೆ, ನಿಮ್ಮ ಭಾಷೆಯ ಬರವಣಿಗೆ ಎಷ್ಟು ಚೆಂದ ಎಂದು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಅದನ್ನು ಮಿಸ್ಸಿಗೆ ತೋರಿಸಲಿಲ್ಲ.

ಅವರು ಆಮೇಲೆ ಹಾಸನಕ್ಕೆ ಬರುವುದು ಕಡಿಮೆಯಾಯಿತು. ಮಾತಿನ ಮೊನಚೂ ಹೋಯಿತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದು, ಬಟ್ಟೆಯ ಚೀಲದಿಂದ ಆ ಕಪ್ಪು ಪುಸ್ತಕ ತೆಗೆದು ನನ್ನ ಮಡಿಲಿಗೆ ಹಾಕಿದರು. ಮೊದಲನೆಯದು ಹೊಸಿಲು ದಾಟಬಾರದಲ್ಲವೇ ಎಂದು ನಾನು ಹಿಂದೆಗೆದೆ. "ಅವ್ವ ನಿಮ್ಮ ತಾತನ ಗೆಡ್ಡೆ ಎಷ್ಟು ಕಿತ್ತಿದ್ದಾಳೋ. ಒಂದಿನಾನೂ ನಿಮ್ಮ ಮನೆ ಒಳಕ್ಕೆ ಬಂದಿರಲಿಲ್ಲ ಕಣೇ" ಅಂದರು. "ಈಗ ಬಂದವ್ಳೆ. ಇಟ್ಕೋ." ನಾನು ಎದ್ದು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ಆ ಮಳೆಗಾಲದಲ್ಲೇ ಜ್ವರವೆಂದು ಹಾಸನದ ಆಸ್ಪತ್ರೆಗೆ ಬಂದವರು ತಿರುಗಿ ಮನೆಗೆ ಹೋಗಲಿಲ್ಲ.

ಪುಸ್ತಕ ನನ್ನ ಬೀರುವಿನಲ್ಲಿತ್ತು... ತೆರೆಯಲು ಧೈರ್ಯವಾಗಲಿಲ್ಲ. ಈಗ ನಾನೇ ಅಚ್ಚು ಹಾಕಿಸಲು ಹೊರಟಿದ್ದೇನೆ. ಡಿ.ಟಿ.ಪಿ. ಅಂಗಡಿ ಮುಚ್ಚಿದೆ, ಆ ಕಂಪ್ಯೂಟರು ಗುಜರಿಗೆ ಹೋಗಿದೆ, ಫೈಲು ಎಲ್ಲಿಯೂ ಇಲ್ಲ, ಮಿಸ್ಸಿನ ಕೈಬರಹದ ಕಟ್ಟೂ ಫೋನೂ ಸಿಗಲಿಲ್ಲ. ಹೊಸದಾಗಿ ಟೈಪ್ ಮಾಡಿಸಿದರೆ ಮಾಡುವವರ ಕೈ ತಿದ್ದದೆ ಬಿಡುವುದಿಲ್ಲ. ಆದ್ದರಿಂದ ಈ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಹಾಗೇ ಅಚ್ಚಿಗೆ ಕೊಡುವುದೆಂದು ತೀರ್ಮಾನಿಸಿದೆ. ಸ್ಕ್ಯಾನ್ ಮಾಡುವವನು, ಹೊಲಿಗೆ ಆಳಕ್ಕೆ ಹೋಗಿದೆ, ಬಿಚ್ಚಿಸಿ ಬಿಡಿ ಹಾಳೆ ತಂದರೆ ಮಾತ್ರ ಆದೀತು ಎಂದ. ಅದಕ್ಕೇ ಹೋದ ವಾರ ಆ ಮೆಟ್ಟಿಲು ಹತ್ತಿದ್ದು.

ಬೈಂಡಿಂಗ್‌ನವರಿಗೆ ವಯಸ್ಸಾಗಿದೆ. ಪುಸ್ತಕ ನೋಡಿದ್ದೇ ಗುರುತು ಹಿಡಿದರು. "ನಾ ಆಕಿದ್ ಒಲಿಗೆ, ನನ್ ಕೈಲೇ ಬಿಚ್ಚುಸ್ತೀರಲ್ಲ ಮೇಡಂ" ಎಂದು ಬೇಜಾರು ಮಾಡಿಕೊಳ್ಳುತ್ತಲೇ ಚಾಕು ತೆಗೆದುಕೊಂಡರು. ದಾರ ಎಲ್ಲಿದೆಯೆಂದು ನೋಡಲು ರಟ್ಟು ಮಗುಚಿದರು. ಮೊದಲ ಪುಟದ ಮೇಲೆ ಅವರ ಕಣ್ಣು ನಿಂತಿತು. ಹೊಲಿಯುವಾಗ ಓದಿರಲಿಲ್ಲವೇನೋ. ಗಟ್ಟಿಯಾಗಿ ಓದತೊಡಗಿದರು, ಒಂದು ಕಡೆಯೂ ತಡವರಿಸಲಿಲ್ಲ, ಅವರ ಮಾತೇ ಅದು.

"ನಾ ಉಟ್ಟಿದ್ದು ಯಾವತ್ತು ಅಂತ ಯಾರೂ ಬರ್ದಿಕ್ಕಿಲ್ಲ ಕಣವ್ವ. ಗೆಡ್ಡೆ ಕೀಳೋ ಕಾಲ ಅಂತೆ. ನಮ್ಮವ್ವ ಅರ್ದ ಸಾಲು ಕಿತ್ತಿದ್ಲಂತೆ. ಬದಿನ್ ಮ್ಯಾಲೆ ಓಗಿ ನನ್ನ ಎತ್ತು, ಎದ್ದು ಬಂದು ಮಿಕ್ಕಿದ್ ಅರ್ದ ಕಿತ್ಲಂತೆ. ಅದ್ಕೇಯ, ನಂಗೆ ಯಾವ್ದುನ್ನೂ ಅರ್ದಕ್ಕೆ ಬುಡಾದು ಬರಾಕಿಲ್ಲ."

ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. "ಈಯಮ್ಮ ಬದ್ಕವ್ರಾ?" ಅಂದರು ಬೈಂಡಿಂಗ್‌ನವರು. ಇಲ್ಲ ಎಂದೆ. "ಬರ್ಕಂಡೋರು? ಆವತ್ತು ಇಲ್ಲೇ ಕುಂತ್ಕಂಡು ನಗ್ತಿದ್ರಲ್ಲ, ಅವ್ರು?" ಅವರೂ ಇಲ್ಲ ಎಂದೆ. ಆ ಸ್ಟೂಲು ಇನ್ನೂ ಅಲ್ಲೇ ಇತ್ತು. ಅವ್ವನ ಮಾತು ಅವ್ವ ಆಡಿದಂತೆಯೇ ಇನ್ನೊಬ್ಬರ ಬಾಯಲ್ಲಿ ಬರಲಿ ಎಂದೇ ಮಿಸ್ಸು ಅಷ್ಟೆಲ್ಲ ಒದ್ದಾಡಿದ್ದು. ಬಂತು. ಕೇಳಿಸಿಕೊಳ್ಳಲು ಅವರಿರಲಿಲ್ಲ.

ಬೈಂಡಿಂಗ್‌ನವರು ಚಾಕುವಿನ ತುದಿಯನ್ನು ದಾರಕ್ಕೆ ತಾಗಿಸಿ ನನ್ನ ಮುಖ ನೋಡಿದರು.

"ಬಿಚ್ಚಲಾ, ಬ್ಯಾಡ್ವಾ?"

"ಬಿಚ್ಚಿ" ಅಂದೆ.